ತೇಲಬೇಕಾದ ಇಟ್ಟಿಗೆ

ಹೊರಡುವ ಮುನ್ನ

ನನ್ನ ಬಳಿ ಒಂದು ಪಾಸ್‌ಪೋರ್ಟ್ ಇದೆ. ಒಂಬತ್ತು ವರ್ಷದ ಹಿಂದೆ ಸ್ನೇಹಿತರ ಜೊತೆ ಸಿಂಗಪುರಕ್ಕೆ ಹೋಗಲೆಂದು ಮಾಡಿಸಿದ್ದು. ವಿಮಾನ ಬಿದ್ದರೆ ಎಂಬ ಒಂದು ಯೋಚನೆ, ಅದು ಬೀಳದೆ ನಾನೇ ಅಲ್ಲಿ ಕಾಯಿಲೆ ಬಿದ್ದರೆ ಎಂಬ ಇನ್ನೊಂದು ಯೋಚನೆ ಸೇರಿಕೊಂಡು ಅದರ ಪುಟಗಳೆಲ್ಲ ಇವತ್ತಿಗೂ ಬೆಳ್ಳಗೇ ಉಳಿದಿವೆ. ಈ ವರ್ಷ ಚೆನ್ನೈಗೆ ಹೊರಟಾಗ ಅದನ್ನೇ ಗುರುತಿನ ಚೀಟಿಯೆಂದು ಜೇಬಿಗೆ ಹಾಕಿಕೊಂಡೆ. ‘ಪಾಪ, ಅದೂ ಒಂದು ಸಲ ಗಡಿ ದಾಟಲಿ’ ಎಂದಳು ಹೆಂಡತಿ ಸುಮ. ನಗಬೇಡಿ. ಮೈಸೂರಿನಲ್ಲಿ ಹುಟ್ಟಿ ಮೈಸೂರಿನಲ್ಲೇ ಐವತ್ತನಾಲ್ಕು ವರ್ಷ ಕಳೆದವನಿಗೆ ಬಂಗಾರಪೇಟೆಯಿಂದ ಆಚೆ ಇರುವುದೆಲ್ಲ ಪರದೇಶವೇ.

ಹೋಗಬೇಕಾಗಿ ಬಂದದ್ದು ಇಟ್ಟಿಗೆಯ ದೆಸೆಯಿಂದ. ನಾನು ಪುಟ್ಟ ಪುಟ್ಟ ವಿದ್ಯುತ್ ಕುಲುಮೆಗಳನ್ನು ಮಾಡುವವನು. ಚಿನ್ನ ಪರೀಕ್ಷಿಸುವವರು, ಹಲ್ಲಿನ ಕಟ್ಟು ಮಾಡುವವರು ಕೊಂಡೊಯ್ಯುತ್ತಾರೆ. ಒಳಗೆ ಸಾವಿರದ ಇನ್ನೂರು ಡಿಗ್ರಿ ಕಾದಿದ್ದರೂ ಹೊರಗಿನ ತಗಡಿನ ಮೇಲೆ ಅಂಗೈ ಇಡಲು ಬರಬೇಕು. ನಡುವೆ ಇರುವುದು ಮೈಯೆಲ್ಲ ತೂತಾದ ಹಗುರ ಇಟ್ಟಿಗೆಯ ಒಂದು ಗೋಡೆ ಮಾತ್ರ. ಆ ತೂತುಗಳಲ್ಲಿ ಸಿಕ್ಕಿಕೊಂಡ ಗಾಳಿಯೇ ಬಿಸಿಯನ್ನು ತಡೆಯುವುದು. ತೂತು ಮಾಡುವ ಉಪಾಯವೂ ಸರಳ: ಬೆಂಕಿ ತಾಳುವ ಜೇಡಿಮಣ್ಣಿಗೆ ಸುಟ್ಟುಹೋಗುವಂಥದ್ದೇನನ್ನಾದರೂ ಕಲಸಬೇಕು. ಭಟ್ಟಿಯಲ್ಲಿ ಅದು ಹೊಗೆಯಾಗಿ ಹೋಗುತ್ತದೆ, ಅದು ಕೂತಿದ್ದ ಜಾಗ ಖಾಲಿ ಉಳಿಯುತ್ತದೆ. ಬೇರೆಯವರು ಮರದ ಹೊಟ್ಟು ಹಾಕುತ್ತಾರೆ. ಚೆನ್ನೈನ ಅಂಬತ್ತೂರಿನ ಸರಸಕ್ಕ ಹಾಕುವುದು ಕಾಫಿ ಚರಟ, ಅಂದರೆ ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಗಸಿ. ಅವರ ತಮ್ಮನದು ಅಡ್ಯಾರಿನಲ್ಲಿ ಹೋಟೆಲು. ಬೆಳಗಿನಿಂದ ಸಂಜೆಯವರೆಗೆ ಕಾಫಿ ಇಳಿಯುವ ಜಾಗದಲ್ಲಿ ಚರಟಕ್ಕೆ ಬರವೇ?

ಹದಿನೈದು ವರ್ಷ ನಾನು ಇಟ್ಟಿಗೆ ತರಿಸಿದ್ದು ಅವರಿಂದಲೇ, ಮಾತೆಲ್ಲ ಫೋನಿನಲ್ಲೇ. ನಾಲ್ಕು ತಿಂಗಳ ಹಿಂದೆ ಅವರು ಮಂಡಿನೋವಿನಿಂದ ಭಟ್ಟಿ ನಿಲ್ಲಿಸುತ್ತೇನೆಂದರು. ನೀವೇ ಮಾಡಿಕೊಳ್ಳಿ, ಹೇಳಿಕೊಡುತ್ತೇನೆ ಎಂದು ಎರಡು ಮೂಟೆ ಒಣ ಚರಟವನ್ನೂ ಲಾರಿಯಲ್ಲಿ ಕಳಿಸಿದರು. ನಾನು ಮೂರು ಸಲ ಮಾಡಿದೆ. ಮೂರು ಸಲವೂ ಇಟ್ಟಿಗೆ ಕುಗ್ಗಿ, ಬಿರಿದು, ನನ್ನ ಮುಖದ ಹಾಗಾಯಿತು. ಕೊನೆಗೆ ಸರಸಕ್ಕ ಇತ್ಯರ್ಥ ಮಾಡಿಬಿಟ್ಟರು. ಅವರ ಕೊನೆಯ ಭಟ್ಟಿಯಲ್ಲಿ ನನ್ನ ಕೈಯ ಇಟ್ಟಿಗೆಯೂ ಬೇಯಬೇಕು. ನೀರಿನಲ್ಲಿ ತೇಲಿದರೆ ಅವರ ಮಾವನವರ ಕಾಲದ ಉಕ್ಕಿನ ಅಚ್ಚುಗಳು ನನಗೆ. ಮುಳುಗಿದರೆ ಅವು ಗುಜರಿಗೆ, ನನ್ನ ಕುಲುಮೆಗಳು ಬರೀ ತಗಡಿನ ಡಬ್ಬಿ.

ರೈಲು

ಮೈಸೂರಿನಲ್ಲಿ ಕಲಸಿ ಒಣಗಿಸಿದ ನಾಲ್ಕು ಹಸಿ ಇಟ್ಟಿಗೆಗಳನ್ನು ಸುಮನ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎದುರು ಸೀಟಿನಲ್ಲಿ ಕಾಟ್ಪಾಡಿಗೆ ಹೋಗುವ ಒಬ್ಬ ಅಜ್ಜಿ. ಮೈಸೂರಿನಿಂದ ಬಂದವನು ತೊಡೆಯಿಂದ ಕೆಳಗಿಳಿಸದೆ ಕಾಯುತ್ತಿರುವ ಗಂಟಿನಲ್ಲಿ ಮೈಸೂರು ಪಾಕಲ್ಲದೆ ಬೇರೇನಿದ್ದೀತು ಎಂಬುದು ಅವರ ನಂಬಿಕೆ. ಅಲ್ಲವೆಂದು ತೋರಿಸಲು ಗಂಟು ಬಿಚ್ಚಿದೆ. ಕಂದು ಬಣ್ಣ, ಮೈತುಂಬ ಸಣ್ಣ ತರಿ, ಸರಿಯಾದ ಆಯತ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ಪಾಕ ಸ್ವಲ್ಪ ಮುಂದೆ ಹೋಗಿದೆ, ಪರವಾಗಿಲ್ಲ, ಕಲಿತರೆ ಬರುತ್ತದೆ ಎಂಬರ್ಥದ ಮಾತು ಹೇಳಿ, ತಮ್ಮ ಡಬ್ಬಿಯಿಂದ ನನಗೊಂದು ಮುರುಕ್ಕು ಕೊಟ್ಟರು. ಅದನ್ನು ಈಸಿಕೊಳ್ಳಲು ಕೈ ಚಾಚಿದೆ ನೋಡಿ, ಒಂದು ಇಟ್ಟಿಗೆ ಜಾರಿ ಬಿದ್ದು ಎರಡಾಯಿತು.

ಹೀಗೆ ಪರದೇಶದಲ್ಲಿ ಇಳಿಯುವ ಮೊದಲೇ ನನ್ನ ಸೈನ್ಯ ಮೂರಕ್ಕೆ ಇಳಿದಿತ್ತು.

ಅಡ್ಯಾರು

ಮೊದಲು ಹೋಟೆಲಿಗೆ ಹೋಗಿ ಒಂದು ಮೂಟೆ ಚರಟ ತರಬೇಕೆಂದು ಸರಸಕ್ಕನ ಅಪ್ಪಣೆಯಾಗಿತ್ತು. ಅವರ ತಮ್ಮ ಅನಂತಣ್ಣ ಅರವತ್ತೈದರ ಆಸುಪಾಸಿನವರು, ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟಗಳ ಸಾಲಿನಲ್ಲಿ ಇನ್ನೊಂದು ಪಟದಂತೆ ಕೂತಿದ್ದರು. ತಲೆಯ ಮೇಲೆ ತಂದೆಯವರು ಬರೆಸಿದ ಹಳೆಯ ಬೋರ್ಡು, ತಮಿಳಿನಲ್ಲೂ ಕನ್ನಡದಲ್ಲೂ: ‘ನಮ್ಮಲ್ಲಿ ಶುದ್ಧ ಕಾಫಿ ಮಾತ್ರ.’

ಇಲ್ಲಿಯವರು ಕಾಫಿ ಕುಡಿಯುವುದನ್ನು ನೋಡಿಯೇ ಅರ್ಧ ಗಂಟೆ ಕಳೆದೆ. ನಾವು ಮೈಸೂರಿನವರು ಲೋಟವನ್ನು ತುಟಿಗಿಟ್ಟು, ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಊರಿನ ಸುದ್ದಿ ಮುಗಿಸುತ್ತೇವೆ. ಇವರು ತಲೆ ಹಿಂದಕ್ಕೆ ಹಾಕಿ, ಗೇಣುದ್ದ ಮೇಲಿಂದ ಕುದಿಯುವ ಕಾಫಿಯನ್ನು ನೇರ ಗಂಟಲಿಗೆ ಸುರಿದು, ಲೋಟ ಇಟ್ಟು ಬಸ್ಸಿಗೆ ಓಡುತ್ತಾರೆ. ಒಳಗೆ ಇವರಿಗೂ ಹಗುರ ಇಟ್ಟಿಗೆಯ ಗೋಡೆ ಇದ್ದೀತೆ ಎಂದು ಯೋಚಿಸುತ್ತ ನಾನೂ ಒಮ್ಮೆ ಹಾಗೆ ಸುರಿದುಕೊಂಡೆ. ಅರ್ಧ ಮೂಗಿಗೆ ಹೋಯಿತು. ಪಕ್ಕದವರು ತಮ್ಮ ಕರವಸ್ತ್ರ ಕೊಟ್ಟು, ಏನೂ ನಡೆದೇ ಇಲ್ಲವೆಂಬಂತೆ ಬೇರೆ ಕಡೆ ನೋಡಿದರು. ದೊಡ್ಡ ಮನಸ್ಸಿನ ಜನ.

ಉಳಿದರ್ಧ ಕಾಫಿ ಮಾತ್ರ ಬಹಳ ಚೆನ್ನಾಗಿತ್ತು. ದಪ್ಪಗೆ, ಕಪ್ಪು ಬೆಲ್ಲದ ಬಣ್ಣಕ್ಕೆ, ನಾಲಗೆಯ ಹಿಂದೆ ಸಣ್ಣ ಕಹಿ. ಮನೆ ನೆನಪಾಗಿ ಇನ್ನೊಂದು ತರಿಸಿಕೊಂಡೆ.

ಅಂಬತ್ತೂರು

ಮೂಟೆಯ ಜೊತೆ ಆಟೋದಲ್ಲಿ ಕೂತು ಊರಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ನನ್ನ ಅಂಗಿಗೂ ಆಟೋದವನ ಅಂಗಿಗೂ ಒಂದೇ ವಾಸನೆ. ಸರಸಕ್ಕ ಗೇಟಿನಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದ ಸಣ್ಣ ದೇಹ, ಸೊಂಟದ ಸೆರಗಿನಲ್ಲಿ ಸಿಕ್ಕಿಸಿದ ಸ್ಟೀಲಿನ ಅಡಿಪಟ್ಟಿ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಬನ್ನಿ ಬನ್ನಿ. ಫೋನಿನಲ್ಲಿ ನೀವು ಇನ್ನೂ ಉದ್ದ ಇದ್ದಿರಿ ಮಾರಾಯ್ರೆ” ಎಂದರು.

ಅವರ ಹಿರಿಯರು ಉಡುಪಿ ಕಡೆಯವರು. ಇವರು ಹುಟ್ಟಿದ್ದು ಚೆನ್ನೈನ ಕೋಡಂಬಾಕ್ಕಂನಲ್ಲಿ. ಮಾತಿನಲ್ಲಿ ಎರಡೂ ಊರು ಒಂದೇ ಮನೆಯಲ್ಲಿ ಜಗಳವಿಲ್ಲದೆ ಸಂಸಾರ ಮಾಡುತ್ತವೆ.

ಭಟ್ಟಿಯ ಬಾಗಿಲ ಮುಂದೆ ಅಕ್ಕಿಹಿಟ್ಟಿನ ಕೋಲ, ಇಲ್ಲಿಯವರ ರಂಗೋಲಿ. ಅದನ್ನು ಬೆಳಿಗ್ಗೆ ಬೆಳಿಗ್ಗೆ ಎಳೆಯುವವರು ಮುರುಗೇಸನ್, ಮೂವತ್ತು ವರ್ಷದಿಂದ ಆ ಭಟ್ಟಿಗೆ ಬೆಂಕಿ ಹಾಕುವ ಮೇಸ್ತ್ರಿ. ಮೀಸೆಯ ಗಂಡಸು ಮಂಡಿಯೂರಿ ಚುಕ್ಕಿ ಇಟ್ಟು ರಂಗೋಲಿ ಹಾಕುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ವರ್ಕ್‌ಶಾಪಿನಲ್ಲಿ ಆಯುಧಪೂಜೆಗೆ ಕುಂಬಳಕಾಯಿ ಒಡೆದರೆ ಮುಗಿಯಿತು. ಕೋಲ ತುಳಿಯದಂತೆ ಸುತ್ತಿ ಹೋಗಲು ಹೋಗಿ ನೀರಿನ ಬಕೆಟ್ಟನ್ನು ಒದ್ದೆ. ನೀರು ಕೋಲವನ್ನು ಅಳಿಸಿತು. ಮುರುಗೇಸನ್ ಹಿಟ್ಟಿನ ಡಬ್ಬಿ ತಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಬೈದಿದ್ದರೆ ವಾಸಿಯಿತ್ತು.

ನನ್ನ ಮೂರು ಇಟ್ಟಿಗೆಗಳನ್ನು ಸರಸಕ್ಕ ಅಡಿಪಟ್ಟಿಯಿಂದ ಅಳೆದರು. ಬೇಯುವ ಮೊದಲೇ ಕಾಲಿಂಚು ಕುಗ್ಗಿದ್ದವು. ಮೂಲೆಗಳಲ್ಲಿ ಕೂದಲಿನಷ್ಟು ತೆಳ್ಳನೆಯ ಬಿರುಕು. ಅವರು ನನ್ನನ್ನು ಒಳಗಿನ ಒಣಗಿಸುವ ಕಪಾಟಿಗೆ ಕರೆದೊಯ್ದು, ತಮ್ಮದೇ ಹೊಸ ಇಟ್ಟಿಗೆಗಳನ್ನು ತೋರಿಸಿದರು. ಅದೇ ಕಾಲಿಂಚು, ಅದೇ ಬಿರುಕು. ಕೆಲವು ತಿಂಗಳಿನಿಂದ ಹೀಗಂತೆ. ಕಲಸಿದ ಮಣ್ಣು ಅಚ್ಚಿಗೆ ಅಂಟುತ್ತದೆ, ನೀರು ಜಾಸ್ತಿ ಕೇಳುತ್ತದೆ. ಮುರುಗೇಸನ್ ಮಣ್ಣಿನ ಮೇಲೆ ಅನುಮಾನಪಟ್ಟಿದ್ದರು. ಸರಸಕ್ಕ ತಮ್ಮ ವಯಸ್ಸಿನ ಮೇಲೆ. ಭಟ್ಟಿ ನಿಲ್ಲಿಸುವ ಮಾತಿಗೆ ಮಂಡಿನೋವು ಅರ್ಧ ಕಾರಣವಾದರೆ ಇನ್ನರ್ಧ ಇದು ಎಂದು ನನಗೆ ಆಗ ಹೊಳೆಯಿತು. ನನ್ನ ಮಟ್ಟಿಗೆ, ನಾನು ಮೈಸೂರಿನಲ್ಲಿದ್ದಾಗ ಅಂಬತ್ತೂರಿನಲ್ಲಿ ಬಿರಿದ ಇಟ್ಟಿಗೆಗೂ ಎಲ್ಲೋ ನಾನೇ ಕಾರಣ ಅನಿಸತೊಡಗಿತು. ಅದು ನನ್ನ ಸ್ವಭಾವ.

ಊಟಕ್ಕೆ ಕೂತೆವು. ತಮ್ಮನ ಹೋಟೆಲಿನಲ್ಲಿ ಏನು ತಿಂದಿರಿ ಎಂದು ಸರಸಕ್ಕ ಕೇಳಿದರು. ಮನೆಯವರನ್ನು ಸಂತೋಷಪಡಿಸಬೇಕಲ್ಲ, ನಾನು ಕಾಫಿಯನ್ನು ಮನಸಾರೆ ಹೊಗಳಿದೆ.

“ಥೇಟ್ ನಮ್ಮ ಮನೆ ಕಾಫಿನೇ ಸರಸಕ್ಕ. ನಮ್ಮ ಸುಮ ಮೂರರಲ್ಲಿ ಒಂದು ಪಾಲು ಚಿಕೋರಿ ಹಾಕ್ತಾಳೆ. ಅದೇ ಹದ, ಅದೇ ದಪ್ಪ.”

ಮುರುಗೇಸನ್ನರಿಗೆ ಕನ್ನಡ ಅರ್ಧ ಬರುತ್ತದೆ, ಚಿಕೋರಿ ಪೂರ್ತಿ ಬರುತ್ತದೆ. ಅವರ ತುತ್ತು ಬಾಯಿಯ ಹತ್ತಿರ ನಿಂತಿತು. ಸರಸಕ್ಕ ಕೈ ತೊಳೆದುಕೊಂಡು ಎದ್ದು ಹೋಗಿ, ನಾನು ತಂದ ಮೂಟೆ ಬಿಚ್ಚಿ, ಒಂದು ಚಿಟಿಕೆ ಚರಟವನ್ನು ಅಂಗೈಯಲ್ಲಿ ಹಾಕಿ, ಎರಡು ಹನಿ ನೀರು ಬಿಟ್ಟು ಉಜ್ಜಿದರು. ಬರೀ ಕಾಫಿಯ ಚರಟ ಮರಳಿನಂತೆ ಕಾಳುಕಾಳಾಗಿ ಉಳಿಯಬೇಕು. ಇದು ಬೆರಳಿಗೆ ಅಂಟಿ ಜಿಗುಟಾಯಿತು.

ಕಾಫಿಯ ಕಾಳು ಗಟ್ಟಿ. ಮಣ್ಣಿನ ನಡುವೆ ತನ್ನ ಜಾಗದಲ್ಲಿ ಕೂತು, ಸುಟ್ಟು, ತನ್ನಷ್ಟೇ ತೂತು ಬಿಟ್ಟು ಹೋಗುತ್ತದೆ. ಚಿಕೋರಿ ಹಾಗಲ್ಲ, ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಒಣಗುವಾಗ ಆ ನೀರೆಲ್ಲ ಹೋಗಿ ಇಟ್ಟಿಗೆಯನ್ನೇ ಹಿಂಡುತ್ತದೆ. ಇದನ್ನೆಲ್ಲ ಸರಸಕ್ಕ ಆಮೇಲೆ ವಿವರಿಸಿದರು. ಆಗ ಹೇಳಿದ್ದು ಒಂದೇ ಮಾತು: “ಅನಂತ ಹೀಗೆ ಮಾಡ್ಲಿಕ್ಕಿಲ್ಲ.”

ಮತ್ತೆ ಅಡ್ಯಾರು

ಮರುದಿನ ಬೆಳಿಗ್ಗೆ ಅವರ ಜೊತೆ ನಾನೂ ಹೋದೆ. ಬೇಡವೆನ್ನಲು ಧೈರ್ಯ ಬರಲಿಲ್ಲ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ: ಅಕ್ಕತಮ್ಮಂದಿರ ಅರವತ್ತು ವರ್ಷದ ವಿಶ್ವಾಸ ನನ್ನ ಒಂದು ಹೊಗಳಿಕೆಯಿಂದ ಮುರಿದುಬಿದ್ದರೆ?

ಅಡುಗೆಮನೆಯ ಹಿಂದೆ, ಫಿಲ್ಟರುಗಳ ಸಾಲಿನ ಮುಂದೆ ಸರಸಕ್ಕ ನಿಂತರು.

“ಅನಂತ, ಆ ಡಬ್ಬಿ ತೆಗಿ.”

“ಎಂತಕ್ಕೆ ಅಕ್ಕ?”

“ತೆಗಿ. ನನ್ನ ಇಟ್ಟಿಗೆ ಹೇಳಿ ಆಯ್ತು.”

“ಇಟ್ಟಿಗೆ ಮಾತಾಡ್ತದಾ ನಿನ್ನ ಹತ್ರ?”

“ನೀನು ಮಾತಾಡ್ಲಿಲ್ಲ. ಅದು ಮಾತಾಡ್ತು.”

ಅನಂತಣ್ಣ ಡಬ್ಬಿ ತೆಗೆಯಲಿಲ್ಲ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಆಮೇಲೆ ನಿಧಾನಕ್ಕೆ ಹೇಳಿಕೊಂಡರು. ಶುದ್ಧ ಕಾಫಿ ಕೊಟ್ಟರೆ ಈಗಿನ ಗಿರಾಕಿಗಳು ನೀರು ನೀರು ಅನ್ನುತ್ತಾರಂತೆ. ಹತ್ತಿರದಲ್ಲೇ ಬಂದಿರುವ ಹೊಸ ಅಂಗಡಿಗಳಲ್ಲಿ ಅದು ದಪ್ಪಗಿರುತ್ತದಂತೆ. ತಡೆದರು, ತಡೆದರು, ಕೊನೆಗೆ ಒಂದು ದಿನ ಸ್ವಲ್ಪ ಬೆರೆಸಿದರು. ಅವತ್ತು ಇಬ್ಬರು ಹಳೆಯ ಗಿರಾಕಿಗಳೇ ಬಂದು, ಇವತ್ತು ಕಾಫಿ ‘ಪ್ರಮಾದಂ’, ಅಂದರೆ ತಮಿಳಿನಲ್ಲಿ ಬಲು ಸೊಗಸು, ಎಂದು ಕೈ ಕುಲುಕಿ ಹೋದರಂತೆ.

“ಅಪ್ಪ ಬರೆಸಿದ ಬೋರ್ಡು ಉಂಟಲ್ಲ ಮೇಲೆ” ಎಂದರು ಸರಸಕ್ಕ.

“ಬೋರ್ಡು ಕುಡಿಲಿಕ್ಕೆ ಆಗ್ತದಾ ಅಕ್ಕ?”

ಸುಳ್ಳು ಹೇಳಿದ್ದಕ್ಕಲ್ಲ, ತನಗೊಬ್ಬಳಿಗಾದರೂ ಹೇಳದೆ ಹೋದದ್ದಕ್ಕೆ ಬೇಜಾರು ಎಂದರು ಸರಸಕ್ಕ. “ಆರು ತಿಂಗಳು ನಾನು ಮುದುಕಿ ಆದೆ ಅಂತ ನೆನೆಸಿದೆ ಅನಂತ. ಕೈ ಹೋಯ್ತು ಅಂತ ನೆನೆಸಿದೆ.”

ಅನಂತಣ್ಣ ತಲೆ ಎತ್ತಲಿಲ್ಲ. ಅಕ್ಕನ ಭಟ್ಟಿಯ ವಿಷಯ ಅವರ ತಲೆಗೆ ಹೋಗಿರಲೇ ಇಲ್ಲವೆಂದು ಮುಖ ಹೇಳುತ್ತಿತ್ತು. ಚರಟ ಅವರಿಗೆ ಹೊರಗೆ ಹಾಕುವ ವಸ್ತು. ಅಕ್ಕನಿಗೆ ಅದೇ ಕಸುಬು.

ಆಮೇಲೆ ಎದ್ದು ಮೇಲಿನ ಅಟ್ಟದಿಂದ ಬೇರೆ ಒಂದು ಡಬ್ಬಿ ಇಳಿಸಿದರು. ಅವರು ತಮಗಾಗಿ ಇಟ್ಟುಕೊಂಡಿದ್ದ ಶುದ್ಧ ಪುಡಿ. ಆ ಕ್ಷಣದಿಂದ ಹೋಟೆಲಿನಲ್ಲಿ ಎರಡು ಫಿಲ್ಟರು. ಬೋರ್ಡನ್ನು ಇಳಿಸಲಿಲ್ಲ. ‘ಮಾತ್ರ’ ಎಂಬುದರ ಮೇಲೆ ಅಡ್ಡ ಗೀಟು ಎಳೆದು, ಕೆಳಗೆ ಸುಣ್ಣದಕಡ್ಡಿಯಲ್ಲಿ ‘ಕೇಳಿದವರಿಗೆ’ ಎಂದು ಎರಡೂ ಭಾಷೆಯಲ್ಲಿ ಬರೆದರು. ನನ್ನ ಕಡೆ ತಿರುಗಿ, ನೀವು ಮೈಸೂರಿನವರಲ್ವಾ, ನಾಲಗೆ ಸರಿ ಉಂಟು ಎಂದರು. ಹೊಗಳಿದರೋ ಬೈದರೋ ಎಂದು ಇವತ್ತಿಗೂ ಯೋಚಿಸುತ್ತಿದ್ದೇನೆ.

ಹೊಗೆಯ ದಿನ

ಚರಟ ಕೂಡಲು ಮೂರು ದಿನ, ಬಿಸಿಲಿನಲ್ಲಿ ಒಣಗಲು ಒಂದು ದಿನ. ಟಿಕೆಟ್ ಮುಂದಕ್ಕೆ ಹಾಕಿದೆ. ಪರದೇಶಕ್ಕೆ ಹೋದವರು ಬೇಗ ಬಂದರೆ ಜನ ಏನಂದುಕೊಂಡಾರು, ಇದ್ದು ಬನ್ನಿ ಎಂದಳು ಸುಮ ಫೋನಿನಲ್ಲಿ.

ಈ ಸಲ ನಾನೇ ಕಲಸಿದೆ. ಜೇಡಿಮಣ್ಣು, ಸುಟ್ಟ ಇಟ್ಟಿಗೆಯ ಪುಡಿ, ಚರಟ. ಮುರುಗೇಸನ್ ಎದುರು ಕೂತು ಬರೀ ಹುಬ್ಬಿನಿಂದ ನಿರ್ದೇಶನ ಕೊಟ್ಟರು: ಹುಬ್ಬು ಮೇಲೆ ಹೋದರೆ ನೀರು ಸಾಕು, ಗಂಟಾದರೆ ಇನ್ನಷ್ಟು ತುಳಿ. ಅಚ್ಚು ಮಗುಚಿ ಬೆನ್ನಿಗೊಂದು ಪೆಟ್ಟು ಕೊಟ್ಟೆ. ಇಟ್ಟಿಗೆ ಚೊಕ್ಕವಾಗಿ ಹೊರಬಿತ್ತು, ಏನೂ ಅಂಟಲಿಲ್ಲ. ಆರು ಮಾಡಿದೆ. ಒಣಗಿಸುವ ಕಪಾಟಿನಲ್ಲಿ ಅವು ಒಣಗುವ ಮೂರು ದಿನವೂ ಅಡಿಪಟ್ಟಿ ಹಿಡಿದು ಸುತ್ತಿದೆ. ಹೆಚ್ಚು ಕುಗ್ಗಲಿಲ್ಲ.

ಆದರೆ ಒಣಗುವುದು ಅರ್ಧ ದಾರಿ ಮಾತ್ರ, ಬೇಯುವುದು ಬಾಕಿ. ಭಟ್ಟಿ ತುಂಬಿ, ಕರ್ಪೂರ ಹಚ್ಚಿ, ಸಣ್ಣ ಬೆಂಕಿ ಕೊಟ್ಟರು. ಚರಟ ಸುಡತೊಡಗಿತು. ಬೀದಿ ತುಂಬ ಸುಟ್ಟ ಕಾಫಿಯ ವಾಸನೆ. ಪಕ್ಕದ ಲೇತಿನ ವರ್ಕ್‌ಶಾಪಿನವರು ಆ ವಾಸನೆ ಬಂದ ಕೂಡಲೇ ಯಂತ್ರ ನಿಲ್ಲಿಸಿ ಚಹಾಕ್ಕೆ ಹೊರಟರು. ಮೂವತ್ತು ವರ್ಷದ ರೂಢಿಯಂತೆ.

ಮೈಸೂರಿನಲ್ಲಿ ಈ ಹಂತ ಬಂದಾಗ ನಾನು ಮಾಡುತ್ತಿದ್ದುದೇನೆಂದರೆ, ಅಕ್ಕಪಕ್ಕದವರು ಹೊಗೆಗೆ ಏನಂದಾರೋ ಎಂದು ಹೆದರಿ, ಬಾಗಿಲು ಬಿಗಿದು ಬೆಂಕಿ ಏರಿಸಿಬಿಡುತ್ತಿದ್ದೆ. ಹೊಗೆ ಒಳಗೇ ಸಿಕ್ಕಿ ಇಟ್ಟಿಗೆಯ ಹೊಟ್ಟೆ ಕಪ್ಪಾಗುತ್ತಿತ್ತು. ಚಿಕೋರಿಯ ತಪ್ಪಿನ ಜೊತೆ ನನ್ನದೂ ಒಂದಿತ್ತು ಎಂದು ತಿಳಿದು, ಹೇಳಿದರೆ ನಂಬುವುದಿಲ್ಲ, ಸ್ವಲ್ಪ ಸಮಾಧಾನವೇ ಆಯಿತು. ಮುರುಗೇಸನ್ ಬಾಗಿಲ ಸಂದಿಗೆ ಮಡಿಸಿದ ತಗಡಿನ ಚೂರು ಸಿಕ್ಕಿಸಿ ಬೆರಳಷ್ಟು ತೆರೆದೇ ಇಟ್ಟರು. ಆಮೇಲೆ ಅವರ ಪದ್ಧತಿ ವಿಚಿತ್ರ. ಭಟ್ಟಿಗೆ ಬೆನ್ನು ಹಾಕಿ ಕೂತು ಊಟದ ಡಬ್ಬಿ ಬಿಚ್ಚುವುದು. ಹೊಗೆ ಮುಗಿಯುವವರೆಗೆ ಯಾರೂ ಒಳಗೆ ಇಣುಕುವಂತಿಲ್ಲ. ಇಣುಕಿದರೆ ಬಾಗಿಲು ಮುಟ್ಟಬೇಕು ಅನಿಸುತ್ತದೆ, ಮುಟ್ಟಿದರೆ ಏರಿಸಬೇಕು ಅನಿಸುತ್ತದೆ. ನಾನು ಐದು ಸಲ ಎದ್ದೆ. ಐದನೆಯ ಸಲ ಅವರು ನನ್ನ ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿ, “ಪುಗೈ ಪೋಗಟ್ಟುಂ ಸಾರ್. ನೀಂಗ ಸಾಪ್ಪಿಡುಂಗ” ಎಂದರು. ಹೊಗೆ ಅದರ ಪಾಡಿಗೆ ಹೋಗಲಿ, ನೀವು ಊಟ ಮಾಡಿ.

ಮಾಡಿದೆ. ಮೊಸರನ್ನಕ್ಕೆ ಮಾವಿನಕಾಯಿ ಉಪ್ಪಿನಕಾಯಿ. ಗೋಡೆ ನೋಡಿಕೊಂಡು ಉಣ್ಣುವುದೂ ಒಂದು ಸುಖ ಎಂದು ಗೊತ್ತಿರಲಿಲ್ಲ. ಸಂಜೆಗೆ ವಾಸನೆ ನಿಂತಿತು, ಚಿಮಣಿಯ ಮೇಲೆ ಬರೀ ಗಾಳಿ ನಡುಗುತ್ತಿತ್ತು. ಆಗ ಮುರುಗೇಸನ್ ಎದ್ದು, ತಗಡಿನ ಚೂರು ತೆಗೆದು, ಬಾಗಿಲು ಮುಚ್ಚಿ ಬೆಂಕಿ ಏರಿಸಿದರು.

ಬಕೆಟ್

ಬಾಗಿಲು ತೆಗೆದದ್ದು ಮೂರನೆಯ ದಿನ ಬೆಳಿಗ್ಗೆ, ಭಟ್ಟಿ ಪೂರ್ತಿ ಆರಿದ ಮೇಲೆ. ಕಂದು ಇಟ್ಟಿಗೆಗಳೆಲ್ಲ ಕೆನೆಯ ಬಣ್ಣಕ್ಕೆ ತಿರುಗಿದ್ದವು, ರಸ್ಕಿನ ಹಾಗೆ. ನನ್ನ ಆರನ್ನು ಮುರುಗೇಸನ್ ಒಂದೊಂದಾಗಿ ಹೊರಗಿಟ್ಟರು. ಒಂದನ್ನು ಬೇಕೆಂದೇ ಒಡೆದು ಹೊಟ್ಟೆ ತೋರಿಸಿದರು. ಕಪ್ಪಿರಲಿಲ್ಲ. ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಇಟ್ಟಿಗೆ ಎಂದು ಕೈ ತಯಾರಾಗಿತ್ತು, ಬ್ರೆಡ್ಡಿನಂತೆ ಮೇಲೆದ್ದು ಬಂತು.

ಸರಸಕ್ಕ ನೀಲಿ ಬಕೆಟ್ ತರಿಸಿದರು. ನಾನು ಮೊದಲ ದಿನ ಒದ್ದ ಅದೇ ಬಕೆಟ್. ಇಟ್ಟಿಗೆಯನ್ನು ನೀರಿನ ಮೇಲಿಟ್ಟು ಕೈ ಬಿಟ್ಟೆ.

ತೇಲಿತು. ಒಂದು ಕಡೆ ಸ್ವಲ್ಪ ವಾಲಿ, ಸುಯ್ ಎಂದು ಸಣ್ಣ ಗುಳ್ಳೆ ಬಿಡುತ್ತ ತೇಲಿತು. ತೂತುಗಳು ನೀರು ಕುಡಿಯುತ್ತಿದ್ದವು. ಇಟ್ಟಿಗೆ ಕೂದಲೆಳೆಯಷ್ಟೇ ಕೆಳಗಿಳಿಯಿತೆಂದು ನನ್ನ ಕಣ್ಣಿಗೆ ಕಂಡಿತು. ಬಗ್ಗಿ, ಕೂತು, ಕೊನೆಗೆ ಮುಖವನ್ನೇ ಬಕೆಟ್ಟಿನೊಳಗೆ ಇಳಿಸಿದೆ. ಅಷ್ಟರಲ್ಲಿ ಸರಸಕ್ಕ ಕೈ ಹಾಕಿ ಅದನ್ನು ಎತ್ತಿಬಿಟ್ಟರು.

“ಸಾಕು. ನೆನೆದ್ರೆ ಎಲ್ಲವೂ ಮುಳುಗ್ತದೆ. ಅದನ್ನು ನೋಡಿ ನಿಮಗೆ ಎಂತ ಆಗ್ಬೇಕು?”

ಸೊಂಟದ ಅಡಿಪಟ್ಟಿ ತೆಗೆದು, ಇಟ್ಟಿಗೆಯ ಉದ್ದ ಅಳೆದು, ಆ ಅಡಿಪಟ್ಟಿಯನ್ನೇ ನನ್ನ ಕೈಗಿಟ್ಟರು. ಅಚ್ಚುಗಳ ಪೆಟ್ಟಿಗೆ ಆಗಲೇ ಕಟ್ಟಿ ಬಾಗಿಲ ಪಕ್ಕದಲ್ಲಿತ್ತು. ಯಾವಾಗ ಕಟ್ಟಿದಿರಿ ಎಂದು ಕೇಳಿದೆ. ಹೊಗೆಯ ದಿನವಂತೆ, ನಾನು ಗೋಡೆ ನೋಡಿಕೊಂಡು ಊಟ ಮಾಡುತ್ತಿದ್ದಾಗ.

ವಾಪಸು

ಹೊರಡುವ ಬೆಳಿಗ್ಗೆ ಅಡ್ಯಾರಿನಲ್ಲಿ ಕೊನೆಯ ಕಾಫಿ. ಅಕ್ಕ ತಮ್ಮ ಇಬ್ಬರೂ ಎದುರಿಗಿದ್ದರು. ಯಾವುದು ಕೊಡಲಿ ಎಂದು ಅನಂತಣ್ಣ ಕೇಳಿದರು. ನಾನು ಸರಸಕ್ಕನ ಮುಖ ನೋಡಿದೆ, ಬೋರ್ಡು ನೋಡಿದೆ, ತಗ್ಗಿದ ದನಿಯಲ್ಲಿ ಚಿಕೋರಿಯದೇ ಇರಲಿ ಎಂದೆ. ಸರಸಕ್ಕ ಮುಖ ಆಚೆ ತಿರುಗಿಸಿಕೊಂಡರು, ಆದರೆ ಅವರ ಭುಜ ಕುಣಿಯುತ್ತಿತ್ತು.

ಆ ಅಚ್ಚುಗಳಿಂದ ನಾನು ಹಾಕುವ ಮೊದಲ ಭಟ್ಟಿಗೆ ಬೆಂಕಿ ಹಾಕಿಕೊಡಲು ಮುರುಗೇಸನ್ ಮೈಸೂರಿಗೆ ಬರುವುದೆಂದು ತೀರ್ಮಾನವಾಗಿತ್ತು. ಹುಟ್ಟಿದ ಮೇಲೆ ಅವರು ತಮಿಳುನಾಡು ದಾಟಿದ್ದು ತಿರುಪತಿಗೆ ಮಾತ್ರ. ರೈಲು ನಿಲ್ದಾಣದ ಸೆಕೆಯಲ್ಲಿ, ನಾನು ಬೆವರಿ ಕರಗುತ್ತಿದ್ದಾಗ, ಅವರು ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚಿ ಹಾಕಿಕೊಂಡು, ಕೊರಳಿಗೆ ಮಫ್ಲರ್ ಸುತ್ತಿ, ಒಂದು ಕೈಯಲ್ಲಿ ಶುದ್ಧ ಚರಟದ ಮೂಟೆ, ಇನ್ನೊಂದರಲ್ಲಿ ಐದು ಲೀಟರ್ ಅಂಬತ್ತೂರಿನ ನೀರು ಹಿಡಿದು ನಿಂತಿದ್ದರು. ರೈಲು ಹೊರಟ ಮೇಲೆ ಕೇಳಿದರು: ಅಲ್ಲಿ ಚಳಿ ಬಹಳವೇ? ನೀರು ಒಗ್ಗುತ್ತದೆಯೇ? ಆಧಾರ್ ಕಾರ್ಡ್ ಒಂದೇ ಸಾಕೇ? ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮೂರು ಪ್ರಶ್ನೆ, ಅದೇ ಕ್ರಮದಲ್ಲಿ. ಹೊಗೆಗೆ ಬೆನ್ನು ಹಾಕಿ ಉಂಡ ಮನುಷ್ಯ.

ಜೇಬಿನಲ್ಲಿದ್ದ ಪಾಸ್‌ಪೋರ್ಟನ್ನು ಅವರಿಗೆ ಕಾಣದಂತೆ ಒಳಕ್ಕೆ ತಳ್ಳಿದೆ. “ಒಣ್ಣುಂ ಆಗಾದು ಮುರುಗೇಸನ್” ಎಂದೆ. ಏನೂ ಆಗುವುದಿಲ್ಲ. ಐವತ್ತನಾಲ್ಕು ವರ್ಷದಲ್ಲಿ ಎಲ್ಲರೂ ನನಗೆ ಹೇಳಿದ ಮಾತು ಅದು, ನಾನು ಇನ್ನೊಬ್ಬರಿಗೆ ಹೇಳಿದ್ದು ಮೊದಲ ಸಲ. ಅವರು ನಂಬಿದರು. ಕಾಟ್ಪಾಡಿ ಬರುವಷ್ಟರಲ್ಲಿ ಅಚ್ಚುಗಳ ಪೆಟ್ಟಿಗೆಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರು. ಮೈಸೂರು ತಲುಪುವವರೆಗೆ ಇಬ್ಬರ ಪಾಲಿನ ಯೋಚನೆಯನ್ನೂ ನಾನೊಬ್ಬನೇ, ಸಂತೋಷದಿಂದ, ಮಾಡಿದೆ.